ಕಾಳೀನದಿಯ ನೆರೆಯೂ ಕಾರವಾರದ ಹಾದಿಗಳೂ

ಉತ್ತರ ಕನ್ನಡ ಜಿಲ್ಲೆಯ ಭೂಪಟವನ್ನು ಎದುರಿಗೆ ಹರಡಿ ಕಾರವಾರದ ಮೇಲೆ ಬೆರಳಿಟ್ಟು ನೋಡಿರಿ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಪೂರ್ವಕ್ಕೆ ಸಹ್ಯಾದ್ರಿಯ ಗೋಡೆ. ಉತ್ತರಕ್ಕೆ ಕಾಳೀನದಿಯ ಅಗಲವಾದ ಅಳಿವೆ. ದಕ್ಷಿಣದಲ್ಲಿ ಅಂಕೋಲೆಯನ್ನು ದಾಟಿದ ಮೇಲೆ ಗಂಗಾವಳಿ. ಇಂತಹ ಊರಿನಿಂದ ಹೊರಗೆ ಹೋಗಬೇಕಾದವನಿಗೆ ಇರುವ ದಾರಿಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಕಾಳಿಯ ಸೇತುವೆಯನ್ನು ದಾಟಿ ಸದಾಶಿವಗಡದ ಮೂಲಕ ಗೋವೆಗೆ ಹೋಗುವುದು ಒಂದು. ಅದೇ ಸದಾಶಿವಗಡದಿಂದ ಕವಲೊಡೆದು ಅಣಶಿ ಘಟ್ಟವನ್ನೇರಿ ಜೋಯಿಡಾ, ದಾಂಡೇಲಿಗಳ ಕಡೆಗೆ ಹೋಗುವುದು ಇನ್ನೊಂದು. ಮೂರನೆಯದು ನದಿಯ ಜೊತೆಜೊತೆಗೇ ಮೇಲಕ್ಕೆ ಸಾಗಿ, ಮಲ್ಲಾಪುರ, ಕದ್ರಾ, ಕೈಗಾಗಳ ಮೂಲಕ ಯಲ್ಲಾಪುರದ ಕಡೆಗೆ ಹತ್ತುತ್ತದೆ. ದಕ್ಷಿಣಕ್ಕೆ 66ನೆಯ ರಾಷ್ಟ್ರೀಯ ಹೆದ್ದಾರಿ ಅಂಕೋಲೆಗೆ ಹೋಗುತ್ತದೆ. ಅಲ್ಲಿಂದ ಅರಬೈಲು ಘಟ್ಟದ ಮೂಲಕ ಹುಬ್ಬಳ್ಳಿಯನ್ನು ಸೇರಬಹುದು. ಇವುಗಳ ಜೊತೆಗೆ 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗ. ಲೆಕ್ಕ ಇಷ್ಟೇ.

ಈ ಹಾದಿಗಳಲ್ಲಿ ಯಾವುದೊಂದನ್ನು ಹಿಡಿದರೂ ಮಾರ್ಗದಲ್ಲಿ ನದಿಯೊಂದು ಇಲ್ಲವೆ ಘಟ್ಟವೊಂದು ಇದ್ದೇ ಇರುತ್ತದೆ. ಹೆಚ್ಚಿನ ಚಿಕಿತ್ಸೆಗೆಂದು ರೋಗಿಯನ್ನು ಗೋವೆಗೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಒಯ್ಯುವ ವಾಹನವೂ, ಮೀನಿನ ಲಾರಿಯೂ, ಕಾಲೇಜಿಗೆ ಬರುವ ವಿದ್ಯಾರ್ಥಿಗಳ ಬಸ್ಸೂ ಈ ಕೆಲವೇ ಎಳೆಗಳನ್ನು ನಂಬಿಕೊಂಡಿವೆ. ಮಳೆಗಾಲದಲ್ಲಿ ಇವುಗಳಲ್ಲಿ ಎಷ್ಟು ಎಳೆಗಳು ಒಟ್ಟಿಗೆ ಹರಿಯಬಹುದು ಎಂಬ ಪ್ರಶ್ನೆಯನ್ನು ಭೌತವಿಜ್ಞಾನದ ಸಾಮಾನ್ಯ ನಿಯಮಗಳ ಬೆಳಕಿನಲ್ಲಿ ಪರಿಶೀಲಿಸೋಣ.

ಮೊದಲು ನದಿಯ ಸಂಗತಿ. ಜೋಯಿಡಾ ತಾಲೂಕಿನ ದಿಗ್ಗಿಯ ಸಮೀಪದಲ್ಲಿ ಹುಟ್ಟುವ ಕಾಳಿಯು ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಸಮುದ್ರವನ್ನು ಸೇರುತ್ತದೆ. ಅದಕ್ಕೆ ನೀರನ್ನುಣಿಸುವ ಪ್ರದೇಶ ಸುಮಾರು 5 ಸಾವಿರ ಚದರ ಕಿಲೋಮೀಟರು. ಈ ಪುಟ್ಟ ನದಿಯ ಮೇಲೆ ಕರ್ನಾಟಕ ವಿದ್ಯುತ್ ನಿಗಮವು ಮೆಟ್ಟಿಲು ಮೆಟ್ಟಿಲಾಗಿ ಅಣೆಕಟ್ಟುಗಳನ್ನು ಕಟ್ಟಿದೆ. ಎಲ್ಲಕ್ಕಿಂತ ಮೇಲೆ 101 ಮೀಟರು ಎತ್ತರದ ಸೂಪಾ, ನಡುವೆ ಬೊಮ್ಮನಹಳ್ಳಿ, ಘಟ್ಟದ ಇಳುಕಲಿನಲ್ಲಿ ಕೊಡಸಳ್ಳಿ, ಕಟ್ಟಕಡೆಯದು ಕದ್ರಾ. ಕದ್ರಾ ಜಲಾಶಯದ ದಂಡೆಯಲ್ಲಿಯೇ 220 ಮೆಗಾವಾಟಿನ 4 ಘಟಕಗಳುಳ್ಳ ಕೈಗಾ ಅಣುವಿದ್ಯುತ್ ಸ್ಥಾವರವಿದೆ. ಅದರ ನೌಕರರ ವಸತಿಗಳು ಇರುವುದು ಅಣೆಕಟ್ಟಿಗಿಂತ ಕೆಳಗಿನ ಮಲ್ಲಾಪುರದಲ್ಲಿ. ದುಡಿಯುವ ಸ್ಥಳ ಅಣೆಯ ಮೇಲೆ, ಮನೆ ಅಣೆಯ ಕೆಳಗೆ, ಎರಡರ ನಡುವೆ ನದಿಯನ್ನು ಅನುಸರಿಸಿದ ರಸ್ತೆ! ವಾಚಕರು ಈ ಅಂಶವನ್ನು ನೆನಪಿನಲ್ಲಿಡಬೇಕು.

2019ರ ಆಗಸ್ಟ್ ತಿಂಗಳಲ್ಲಿಯೂ, ಪುನಃ 2021ರ ಜುಲೈ ತಿಂಗಳಲ್ಲಿಯೂ ಕದ್ರಾದ ಬಾಗಿಲುಗಳನ್ನು ತೆರೆದು ಸೆಕೆಂಡಿಗೆ ಲಕ್ಷ ಘನ ಅಡಿಗೂ ಮಿಗಿಲಾದ ನೀರನ್ನು ಕೆಳಕ್ಕೆ ಬಿಡಬೇಕಾಯಿತು. ಕದ್ರಾ, ಮಲ್ಲಾಪುರಗಳೂ ನದಿಯಂಚಿನ ಇತರ ಊರುಗಳೂ ಜಲಾವೃತವಾದವು. ಜನರು ಉಟ್ಟ ಬಟ್ಟೆಯಲ್ಲಿಯೇ ಎತ್ತರದ ಸ್ಥಳಗಳಿಗೆ ಸಾಗಬೇಕಾಯಿತು; ರಸ್ತೆಗಳು ನೀರಿನ ಕೆಳಗೆ ಹೋದವು. ವಿದ್ಯಾರ್ಥಿಗಳು ಈ ವಿಷಯದಲ್ಲಿ ಕೇಳುವ ಮೊದಲ ಪ್ರಶ್ನೆಯೆಂದರೆ, “ಅಣೆಕಟ್ಟು ಒಡೆಯಲಿಲ್ಲ, ಹಾಗಿದ್ದರೆ ನೆರೆ ಏಕೆ ಬಂತು?” ಇದು ತುಂಬ ಒಳ್ಳೆಯ ಪ್ರಶ್ನೆ.

ನೆರೆಯನ್ನು ತಡೆಯುವ ಸಾಧನವು ಎರಡು ರೀತಿಯಲ್ಲಿ ಸೋಲಬಹುದು. ಮೊದಲನೆಯದು ಎಲ್ಲರಿಗೂ ಕಣ್ಣಿಗೆ ಕಾಣುವ ಸೋಲು: ಕಟ್ಟಡ ಮುರಿಯುವುದು. 1961ರ ಜುಲೈ 12ರಂದು ಪುಣೆಯ ಮೇಲಣ ಪಾನಶೇತ ಅಣೆಕಟ್ಟು ಒಡೆದಾಗ ನೀರು ನಗರಕ್ಕೆ ನುಗ್ಗಿ, ಮುಠಾ ನದಿಯ ಸೇತುವೆಗಳು ಮುಳುಗಿದುದು ಇದಕ್ಕೆ ಉದಾಹರಣೆ. ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳ ಪೈಕಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಅಲ್ಲಿ ಇಡೀ ಅಣೆಕಟ್ಟಿನ ಬಲವನ್ನು ಒಂದು ಕಬ್ಬಿಣದ ಸರಪಳಿ ಅಣಕಿಸಿತು. ತುಂಬಿದ ಜಲಾಶಯದ ಒತ್ತಡದೆದುರು ಬದಲಿ ಹಲಗೆಗಳನ್ನು ಇಳಿಸುವುದು ಅತಿ ಕಷ್ಟವಾದ್ದರಿಂದ, ರೈತರ ಬೆಳೆಗೆಂದು ಕೂಡಿಟ್ಟ ನೀರನ್ನು ಹೊಳೆಗೆ ಬಿಡಬೇಕಾಗಿ ಬಂತು.

ಎರಡನೆಯ ಸೋಲು ಸದ್ದಿಲ್ಲದ್ದು. ಕಟ್ಟಡದ ಒಂದು ಕಲ್ಲೂ ಅಲುಗುವುದಿಲ್ಲ. ಆದರೆ ಅದು ನೀರನ್ನು ತಡೆದುಕೊಳ್ಳಲಾರದ ಸ್ಥಿತಿಯಲ್ಲಿರುತ್ತದೆ. ತುಂಬಿದ ಕೊಡಕ್ಕೆ ಇನ್ನೊಂದು ತಂಬಿಗೆ ನೀರು ಸುರಿದರೆ ಒಂದು ತಂಬಿಗೆ ನೀರು ಹೊರಚೆಲ್ಲುವುದಷ್ಟೇ. ಆಗ ಕೊಡವು ಇದ್ದೂ ಇಲ್ಲದಂತೆ. ಕಾಳಿಯ ಅಣೆಕಟ್ಟುಗಳನ್ನು ಕಟ್ಟಿದುದು ವಿದ್ಯುತ್ತಿಗಾಗಿಯೇ ಹೊರತು ನೆರೆಯನ್ನು ಹಿಡಿಯುವುದಕ್ಕಾಗಿ ಅಲ್ಲ. ವಿದ್ಯುತ್ತಿಗೆ ತುಂಬಿದ ಕೊಡ ಬೇಕು. ನೆರೆಯ ರಕ್ಷಣೆಗೆ ಬರಿದಾದ ಕೊಡ ಬೇಕು. ಒಂದೇ ಪಾತ್ರೆಯಿಂದ ಎರಡನ್ನೂ ಬಯಸುವಲ್ಲಿಯೇ ತೊಡಕು ಇದೆ.

ಇದನ್ನು ಅಂಕೆಗಳಲ್ಲಿ ನೋಡೋಣ. ಕದ್ರಾದ ಪೂರ್ಣ ಮಟ್ಟ 34.5 ಮೀಟರು, ಅದರ ಒಟ್ಟು ಸಾಮರ್ಥ್ಯ ಸುಮಾರು 13.7 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಮಳೆಗಾಲದಲ್ಲಿ ನೀರಿನ ಮಟ್ಟವನ್ನು ಕೆಲವು ಮೀಟರು ಕೆಳಗಿಟ್ಟು 3 ಟಿ.ಎಂ.ಸಿ.ಯಷ್ಟು ಜಾಗವನ್ನು ಖಾಲಿ ಉಳಿಸಿದ್ದಾರೆಂದು ಭಾವಿಸಿ. ಘಟ್ಟದ ಮೇಲೆ ಬಿದ್ದ ಮಳೆಯಿಂದ ಸೆಕೆಂಡಿಗೆ 2 ಲಕ್ಷ ಘನ ಅಡಿ ನೀರು ಒಳಕ್ಕೆ ಬಂದರೆ, ಆ 3 ಟಿ.ಎಂ.ಸಿ. ತುಂಬಲು ಬೇಕಾಗುವ ಕಾಲ 15 ಸಾವಿರ ಸೆಕೆಂಡು, ಅಂದರೆ 4 ಗಂಟೆ 10 ನಿಮಿಷ. ಇನ್ನು ಅದೇ 3 ಟಿ.ಎಂ.ಸಿ.ಯನ್ನು ಮುಂಚಿತವಾಗಿ ಖಾಲಿ ಮಾಡಲು ಎಷ್ಟು ಕಾಲ ಬೇಕು? ಬಾಗಿಲು ತೆರೆದು ಬಿಟ್ಟರೆ ನೀರು ವ್ಯರ್ಥ. ಟರ್ಬೈನುಗಳ ಮೂಲಕವೇ ಬಿಡುವುದು ಲಾಭಕರ. ಕದ್ರಾ ವಿದ್ಯುದಾಗಾರದ ಶಕ್ತಿ 150 ಮೆಗಾವಾಟು. ನೀರು ಬೀಳುವ ಎತ್ತರ ಸುಮಾರು 30 ಮೀಟರು. ದಕ್ಷತೆಯನ್ನು ಶೇಕಡ 90 ಎಂದು ಹಿಡಿದು ಗುಣಿಸಿ ಭಾಗಿಸಿದರೆ, ಎಲ್ಲ ಯಂತ್ರಗಳೂ ಪೂರ್ಣ ವೇಗದಲ್ಲಿ ಓಡಿದರೂ ಅವುಗಳ ಮೂಲಕ ಸೆಕೆಂಡಿಗೆ ಹೊರಹೋಗುವ ನೀರು ಸುಮಾರು 20 ಸಾವಿರ ಘನ ಅಡಿ ಮಾತ್ರ ಎಂದು ತಿಳಿಯುತ್ತದೆ. ಒಳಹರಿವು ಪೂರ್ತಿ ನಿಂತಿದ್ದರೂ ಸಹ 3 ಟಿ.ಎಂ.ಸಿ. ಖಾಲಿಯಾಗಲು ಸುಮಾರು 42 ಗಂಟೆ ಹಿಡಿಯುತ್ತದೆ. ತುಂಬಲು 4 ಗಂಟೆ, ಬರಿದಾಗಲು 42 ಗಂಟೆ! ಆದುದರಿಂದ ಮಳೆಯ ಮುನ್ಸೂಚನೆಯನ್ನು ಎರಡು ದಿನ ಮೊದಲೇ ನಂಬಿ ನಡೆಯಬೇಕಾಗುತ್ತದೆ. ನಂಬಿ ನೀರನ್ನು ಬಿಟ್ಟ ಮೇಲೆ ಮಳೆ ಬಾರದೆ ಹೋದರೆ? 30 ಮೀಟರು ಬೀಳುವ ಒಂದು ಟಿ.ಎಂ.ಸಿ. ನೀರಿನಲ್ಲಿ ಸುಮಾರು 20 ಲಕ್ಷ ಯೂನಿಟ್ ವಿದ್ಯುತ್ತು ಅಡಗಿದೆ. ಯಂತ್ರದ ಮೂಲಕ ಬಿಟ್ಟರೆ ಅದು ಕೈಗೆ ಬರುತ್ತದೆ, ನಿಜ. ಆದರೆ ಬೇಕಾದ ದಿನಕ್ಕಲ್ಲ, ಬೇಡವಾದ ದಿನಕ್ಕೆ. ಆಪತ್ತಿನ ಭಯವನ್ನೂ ನಷ್ಟದ ಭಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಧಿಕಾರಿಯ ಸ್ಥಾನ ಸುಖದ್ದಲ್ಲ. ಆದರೂ, ಆಷಾಢ ಶ್ರಾವಣಗಳಲ್ಲಿ ಸಹ್ಯಾದ್ರಿಯ ಪಶ್ಚಿಮದ ಇಳುಕಲಿನಲ್ಲಿ ಮಳೆ ಬರುವುದೆಂದು ಪಣ ಕಟ್ಟುವವನು ಸೋಲುವುದು ಅಪರೂಪವೆಂದೇ ಈ ಲೇಖಕನ ಅಭಿಪ್ರಾಯ.

ಸೂಪಾ ಜಲಾಶಯ ಇದೆಯಲ್ಲ, ಅದು ಸುಮಾರು 145 ಟಿ.ಎಂ.ಸಿ. ಹಿಡಿಯುತ್ತದೆ, ಅದಕ್ಕೇಕೆ ನೆರೆಯನ್ನು ಒಪ್ಪಿಸಬಾರದು ಎಂದು ಕೆಲವರು ಕೇಳಬಹುದು. ದೊಡ್ಡ ಹಂಡೆಯನ್ನು ಅಂಗಳದ ಒಂದು ಮೂಲೆಯಲ್ಲಿಟ್ಟರೆ ಸೂರಿನ ಇನ್ನೊಂದು ಮೂಲೆಯಿಂದ ಸುರಿಯುವ ನೀರು ಅದಕ್ಕೆ ಬೀಳುವುದಿಲ್ಲ. ನದಿಯ ಒಟ್ಟು ಜಲಾನಯನ ಪ್ರದೇಶದ ಸುಮಾರು ಐದನೆಯ ಒಂದು ಭಾಗದ ನೀರು ಮಾತ್ರ ಸೂಪಾಕ್ಕೆ ಬರುತ್ತದೆ. ಉಳಿದ ಪ್ರದೇಶದ ನೀರೆಲ್ಲ, ಅದರಲ್ಲಿಯೂ ಮಳೆ ಜಡಿದು ಹೊಡೆಯುವ ಘಟ್ಟದಂಚಿನ ಹಳ್ಳಗಳ ನೀರು, ಸೂಪಾಕ್ಕಿಂತ ಕೆಳಗೆ ನದಿಯನ್ನು ಕೂಡುತ್ತದೆ. ದೊಡ್ಡ ಪಾತ್ರೆ ಮೇಲೆ ಇದೆ. ದೊಡ್ಡ ಧಾರೆ ಕೆಳಗೆ ಬೀಳುತ್ತಿದೆ. ಆ ಧಾರೆಯನ್ನು ಹಿಡಿಯಬೇಕಾದ ಕೊಡಸಳ್ಳಿ, ಕದ್ರಾಗಳೋ ಚಿಕ್ಕ ಚೆಂಬುಗಳು.

ಬಿಟ್ಟ ನೀರು ಎಷ್ಟು ಬೇಗ ಊರನ್ನು ಮುಟ್ಟುತ್ತದೆ? ಪ್ರವಾಹದ ಮುಂಚೂಣಿಯು ಸೆಕೆಂಡಿಗೆ 3 ಮೀಟರಿನಂತೆ ಮುನ್ನಡೆದರೆ 5 ಕಿಲೋಮೀಟರು ದೂರದ ಊರಿಗೆ ಅದು ಅರ್ಧ ಗಂಟೆಯೊಳಗೆ ಬಂದಿರುತ್ತದೆ. 30 ಕಿಲೋಮೀಟರು ಕೆಳಗಿನ ಅಳಿವೆಯ ಪ್ರದೇಶಕ್ಕೆ ಸುಮಾರು 2 ಗಂಟೆ 47 ನಿಮಿಷದಲ್ಲಿ. ಅಳಿವೆಯಲ್ಲಿ ಅದಕ್ಕೆ ಇನ್ನೊಬ್ಬ ಎದುರಾಳಿ ಸಿಕ್ಕುತ್ತಾನೆ, ಸಮುದ್ರದ ಉಬ್ಬರ. ನದಿ ನೀರು ಹರಿಯುವುದು ಮಟ್ಟಗಳ ಅಂತರದಿಂದ. ಸಮುದ್ರದ ಮಟ್ಟವೇ ಏರಿ ನಿಂತಾಗ ಆ ಅಂತರ ಕುಗ್ಗಿ ನೀರು ಹಿಂದಕ್ಕೆ ಒತ್ತಿಕೊಂಡು ದಡಗಳ ಮೇಲೆ ಹಬ್ಬುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯಚಂದ್ರರ ಆಕರ್ಷಣೆಗಳು ಒಂದೇ ಗೆರೆಯಲ್ಲಿ ಕೂಡುವುದರಿಂದ ಉಬ್ಬರವು ಎಲ್ಲಕ್ಕಿಂತ ಹೆಚ್ಚು. 2021ರ ಜುಲೈ 24 ಆಷಾಢ ಹುಣ್ಣಿಮೆಯ ದಿನ. ಆ ವರ್ಷದ ಮಹಾಪೂರವು ಬಂದುದು ಅದರ ಹಿಂದಿನ ಎರಡು ದಿನಗಳಲ್ಲಿ. ಮಳೆ ಪಂಚಾಂಗವನ್ನು ನೋಡಿಕೊಂಡು ಬರುವುದಿಲ್ಲ. ಆದರೆ ಬಾಗಿಲು ತೆರೆಯುವವರು ಪಂಚಾಂಗವನ್ನು ನೋಡಬಹುದು.

ಈಗ ರಸ್ತೆಯ ಮೇಲೆ ನಿಂತ ನೀರನ್ನು ಪರಿಶೀಲಿಸೋಣ. ಮೊಳಕಾಲುದ್ದದ ನೀರು ತಾನೇ ಎಂದು ಕಾರನ್ನು ನುಗ್ಗಿಸುವವರುಂಟು. 1200 ಕಿಲೋಗ್ರಾಂ ತೂಕದ ಕಾರು 4 ಮೀಟರು ಉದ್ದ, 1.7 ಮೀಟರು ಅಗಲ ಇದ್ದರೆ ಅದರ ತಳದ ವಿಸ್ತಾರ 6.8 ಚದರ ಮೀಟರು. ಆರ್ಕಿಮಿಡೀಸನ ನಿಯಮದಂತೆ, ನೀರು ಈ ತಳಕ್ಕಿಂತ 18 ಸೆಂಟಿಮೀಟರು ಮೇಲಕ್ಕೆ ಬಂದರೆ ಕಾರು ದೋಣಿಯಾಗಿ ತೇಲತೊಡಗುತ್ತದೆ. ತೇಲುವ ತನಕ ಕಾಯಬೇಕಾಗಿಯೂ ಇಲ್ಲ. ನೀರು ತಳದಿಂದ 9 ಸೆಂಟಿಮೀಟರು ಏರಿದಾಗಲೇ ಅರ್ಧದಷ್ಟು ತೂಕವನ್ನು ನೀರು ಹೊತ್ತಿರುತ್ತದೆ. ಚಕ್ರಗಳು ರಸ್ತೆಯನ್ನು ಅಷ್ಟೇ ಸಡಿಲವಾಗಿ ಹಿಡಿದಿರುತ್ತವೆ. ಒದ್ದೆ ರಸ್ತೆಯಲ್ಲಿ ಘರ್ಷಣೆಯ ಗುಣಾಂಕವನ್ನು 0.3 ಎಂದಿಟ್ಟುಕೊಂಡರೆ, ಉಳಿದ ಹಿಡಿತ ಸುಮಾರು 175 ಕಿಲೋಗ್ರಾಂ ತೂಕದಷ್ಟು. ಅಡ್ಡಲಾಗಿ ಹರಿಯುವ ನೀರಿನ ಒತ್ತು ವೇಗದ ವರ್ಗವನ್ನು ಅನುಸರಿಸಿ ಏರುತ್ತದೆ. ಸೆಕೆಂಡಿಗೆ 3 ಮೀಟರು ವೇಗದ ಪ್ರವಾಹವು ಕಾರಿನ ಮುಳುಗಿದ ಪಕ್ಕೆಯ ಮೇಲೆ ಸುಮಾರು 165 ಕಿಲೋಗ್ರಾಂ ತೂಕದ ಬಲವನ್ನು ಹಾಕುತ್ತದೆ. ಚಕ್ರಗಳ ಮೇಲೆ ಬೀಳುವ ಒತ್ತನ್ನೂ ಸೇರಿಸಿದರೆ ಹಿಡಿತ ಸೋತು ಕಾರು ರಸ್ತೆಯಿಂದ ಜಾರಿಹೋಗುತ್ತದೆ. ರಸ್ತೆಯು ಮುಳುಗುವ ಬಹಳ ಮೊದಲೇ ರಸ್ತೆಯಾಗಿ ಉಳಿದಿರುವುದಿಲ್ಲ.

ಸೇತುವೆಗಳಿಗೆ ಒದಗುವ ಅಪಾಯ ಇನ್ನಷ್ಟು ಗುಪ್ತವಾದುದು. ಕಂಬಕ್ಕೆ ಅಪ್ಪಳಿಸಿದ ನೀರು ಕೆಳಮುಖವಾಗಿ ಇಳಿದು, ಅದರ ಬುಡದ ಸುತ್ತ ಸುಳಿಯಾಗಿ ಸುತ್ತಿ ಮರಳನ್ನು ಕೆದಕುತ್ತದೆ. ಹರಿಯುವ ನೀರು ಉರುಳಿಸಬಲ್ಲ ಕಲ್ಲಿನ ತೂಕವು ನೀರಿನ ವೇಗದ 6ನೆಯ ಘಾತದಂತೆ ಹೆಚ್ಚುತ್ತದೆಯೆಂಬುದು ನದೀಶಾಸ್ತ್ರದ ಹಳೆಯ ನಿಯಮ. ವೇಗ ಎರಡರಷ್ಟಾದರೆ 64 ಪಟ್ಟು ಭಾರದ ಕಲ್ಲು ಕದಲುತ್ತದೆ! ಬೇಸಿಗೆಯಲ್ಲಿ ಮರಳನ್ನೂ ಅಲುಗಿಸದ ಹೊಳೆಯೇ ಮಳೆಗಾಲದಲ್ಲಿ ಬಂಡೆಗಳನ್ನು ಉರುಳಿಸುವುದರ ಗುಟ್ಟು ಇದು. ನೆರೆ ಇಳಿದ ಮೇಲೆ ಅದೇ ಗುಂಡಿಯಲ್ಲಿ ಮತ್ತೆ ಮರಳು ತುಂಬಿಕೊಳ್ಳುವುದರಿಂದ ಆದ ಹಾನಿ ಮೇಲುನೋಟಕ್ಕೆ ಕಾಣಿಸುವುದೂ ಇಲ್ಲ. ಅಳಿವೆಯಲ್ಲಿ ನಿಂತ ಸೇತುವೆಗೆ ಉಪ್ಪುನೀರು ಎರಡನೆಯ ಶತ್ರು. ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ಮೂಲಕ ಲವಣವು ಒಳಗಿನ ಉಕ್ಕನ್ನು ಮುಟ್ಟಿದರೆ ತುಕ್ಕು ಹುಟ್ಟುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಬಿರಿಯುತ್ತದೆ. ಕಾರವಾರದ ಕಾಳೀ ಅಳಿವೆಯಲ್ಲಿದ್ದ, ನಾಲ್ಕು ದಶಕ ದುಡಿದ ಹಳೆಯ ಸೇತುವೆಯು 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕುಸಿದು ನದಿಗೆ ಬಿತ್ತು. ಅದರ ಮೇಲಿದ್ದ ಲಾರಿಯೂ ಬಿತ್ತು. ಚಾಲಕನನ್ನು ಜೀವಂತವಾಗಿ ಮೇಲೆತ್ತಲಾಯಿತು. ಪಕ್ಕದಲ್ಲಿ ಹೊಸ ಸೇತುವೆಯೊಂದು ಇದ್ದುದರಿಂದ ಗೋವೆಯ ಹಾದಿ ಉಳಿಯಿತು. ಆದರೆ ಎರಡು ಎಳೆಗಳಿದ್ದಲ್ಲಿ ಒಂದಾಯಿತು; ಎರಡೂ ದಿಕ್ಕಿನ ವಾಹನಗಳನ್ನು ಅದೊಂದೇ ಹೊರಬೇಕಾಯಿತು.

ಎತ್ತರಿಸಿ ಕಟ್ಟಿದ ರಸ್ತೆಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬಹುದು. ಈ ಕರಾವಳಿಯ ರೈತರು ಗಜನಿ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಒಡ್ಡುಗಳನ್ನು ಕಟ್ಟುವಾಗ, ಒಳಗಿನ ನೀರು ಇಳಿತದ ಕಾಲದಲ್ಲಿ ಹೊರಹೋಗಲು ಬಾಗಿಲನ್ನೂ ಇಡುತ್ತಾರೆ. ತಗ್ಗು ನೆಲಕ್ಕೆ ಅಡ್ಡಲಾಗಿ ಏರಿ ಹಾಕಿದ ಹೆದ್ದಾರಿಯಾಗಲಿ ರೈಲು ಹಾದಿಯಾಗಲಿ ಒಂದು ಒಡ್ಡೇ ಸರಿ. ಮೋರಿಗಳು ಸಾಕಷ್ಟಿಲ್ಲದಿದ್ದರೆ ಅದು ರಸ್ತೆಯ ಒಂದು ಪಕ್ಕದಲ್ಲಿ ಕೆರೆಯನ್ನೇ ನಿರ್ಮಿಸುತ್ತದೆ. ನೆನೆದ ಏರಿ ಒಂದು ರಾತ್ರಿ ಕುಸಿಯುತ್ತದೆ.

ಇಷ್ಟಾದರೂ, ಒಂದು ಹಾದಿ ಮುಚ್ಚಿದರೆ ಇನ್ನೊಂದು ಇದೆಯಲ್ಲ ಎಂಬ ಸಮಾಧಾನ ಉಳಿಯುತ್ತದೆ. ಸಂಭವನೀಯತೆಯ ಗಣಿತವನ್ನು ಕಲಿತ ವಿದ್ಯಾರ್ಥಿಯು ಹೀಗೆ ವಾದಿಸಿಯಾನು: ಮಳೆಗಾಲದ ಒಂದು ವಾರದಲ್ಲಿ ಪ್ರತಿಯೊಂದು ಹಾದಿಯೂ ಮುಚ್ಚುವ ಸಂಭವ ಹತ್ತರಲ್ಲಿ ಒಂದು ಎಂದಿರಲಿ. ಎರಡೂ ಮುಚ್ಚುವುದು ನೂರರಲ್ಲಿ ಒಂದು. ಮೂರು ಮುಚ್ಚುವುದು ಸಾವಿರದಲ್ಲಿ ಒಂದು. ನಾಲ್ಕೂ ಮುಚ್ಚುವುದು ಹತ್ತು ಸಾವಿರದಲ್ಲಿ ಒಂದು. ಆದುದರಿಂದ ನಿಶ್ಚಿಂತೆಯಿಂದ ಮಲಗಬಹುದು. ಗುಣಾಕಾರದಲ್ಲಿ ತಪ್ಪಿಲ್ಲ. ತಪ್ಪಿರುವುದು ಗುಣಿಸುವ ಹಕ್ಕು ನಮಗಿದೆಯೆಂದು ಭಾವಿಸಿದುದರಲ್ಲಿ. ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದರೆ ಮಾತ್ರ ಸಂಭವಗಳನ್ನು ಹೀಗೆ ಗುಣಿಸಬಹುದು. ಎರಡು ನಾಣ್ಯಗಳು ಒಂದನ್ನೊಂದು ಕೇಳಿಕೊಂಡು ಬೀಳುವುದಿಲ್ಲ. ಆದರೆ ಅಣಶಿ ಘಟ್ಟ, ಅರಬೈಲು ಘಟ್ಟ, ಕದ್ರಾ ರಸ್ತೆ, ಕೊಂಕಣ ರೈಲು ಇವೆಲ್ಲವೂ ಒಂದೇ ಮೋಡದ ಕೆಳಗಿವೆ. ಒಂದನ್ನು ಮುಚ್ಚಿಸಿದ ಮಳೆಯೇ ಇನ್ನೊಂದರ ಬಾಗಿಲನ್ನೂ ತಟ್ಟುತ್ತದೆ. ನಾಲ್ಕೂ ಹಾದಿಗಳು ಒಂದೇ ಕಾರಣದಿಂದ ಮುಚ್ಚುವಂತಿದ್ದರೆ, ಎಲ್ಲವೂ ಮುಚ್ಚುವ ಸಂಭವವು ಹತ್ತು ಸಾವಿರದಲ್ಲಿ ಒಂದರ ಬದಲು ಹತ್ತರಲ್ಲಿ ಒಂದರ ಕಡೆಗೆ ಸರಿಯುತ್ತದೆ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ 2021ರ ಜುಲೈ ತಿಂಗಳೇ ಸಾಕ್ಷಿ. ಆ ತಿಂಗಳ 22ರಂದು ಮಹಾರಾಷ್ಟ್ರದ ಚಿಪಳೂಣದ ಬಳಿ ವಾಶಿಷ್ಠಿ ನದಿ ಉಕ್ಕಿ ಕೊಂಕಣ ರೈಲು ಸಂಚಾರ ನಿಂತಿತು. ಮಂಗಳೂರಿನಿಂದ ಮುಂಬಯಿಗೆ ಹೊರಟ ಗಾಡಿಯೊಂದನ್ನು ಮಡಗಾಂವದಿಂದ ಲೋಂಡಾ, ಮಿರಜಗಳ ಬಳಸುದಾರಿಗೆ ತಿರುಗಿಸಿದರು. ಮರುದಿನ ಅದೇ ಗಾಡಿಯು ದೂಧಸಾಗರ ಮತ್ತು ಸೋನಾವಳಿಗಳ ನಡುವೆ, ಗುಡ್ಡ ಕುಸಿದು ಬಿದ್ದ ಮಣ್ಣಿಗೆ ಸಿಕ್ಕಿ ಹಳಿ ತಪ್ಪಿತು. ಪ್ರಾಣಹಾನಿಯಾಗಲಿಲ್ಲವೆಂಬುದು ಸುದೈವ. ಒಂದು ಹಾದಿಯನ್ನು ಕೆಡಿಸಿದ ಮಳೆ ಬಳಸುದಾರಿಯಲ್ಲಿಯೂ ಕಾದು ಕುಳಿತಿತ್ತು! ಅದೇ ದಿನಗಳಲ್ಲಿ ಕದ್ರಾದ ನೀರು ಮಲ್ಲಾಪುರದ ಕಡೆಯ ಹಾದಿಯನ್ನು ಮುಳುಗಿಸಿತು; ಅಣಶಿಯಲ್ಲಿ ಗುಡ್ಡ ಜರಿಯಿತು; ಅರಬೈಲು ಘಟ್ಟದಲ್ಲಿ ಹುಬ್ಬಳ್ಳಿಯ ಹೆದ್ದಾರಿ ಕುಸಿದು ವಾಹನಗಳು ನಿಂತವು; ಯಲ್ಲಾಪುರ ತಾಲೂಕಿನ ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆಯೇ ಕೊಚ್ಚಿಹೋಗಿ ಆಚೆ ದಡದ ಹಳ್ಳಿಗಳ ಸಂಪರ್ಕ ಕಡಿಯಿತು.

ದಕ್ಷಿಣದ ಹಾದಿಯೂ ಅಭೇದ್ಯವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೊಂದು ಹೆದ್ದಾರಿಯ ಮೇಲೆ ಕುಸಿದು, ಜನರನ್ನೂ ವಾಹನಗಳನ್ನೂ ಗಂಗಾವಳಿಯೊಳಕ್ಕೆ ತಳ್ಳಿತು. ನದಿಗೆ ಬಿದ್ದ ಮಣ್ಣಿನ ರಾಶಿಯಿಂದ ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ನದಿಗೆ ಬಿದ್ದ ಲಾರಿಯೊಂದನ್ನು ಮೇಲೆತ್ತಲು ಸಾಧ್ಯವಾದುದು ಸೆಪ್ಟೆಂಬರ್ ತಿಂಗಳಲ್ಲಿ. ಹಲವು ದಿನ ಹೆದ್ದಾರಿ ಮುಚ್ಚಿತ್ತು. ಇದಾಗಿ ಮೂರು ವಾರಗಳಲ್ಲಿ ಉತ್ತರದಲ್ಲಿ ಕಾಳಿಯ ಹಳೆಯ ಸೇತುವೆ ಬಿತ್ತು.

ದೂರದ ನ್ಯೂಯಾರ್ಕ್ ನಗರದ ಅನುಭವ ಇಲ್ಲಿ ಉಪಯುಕ್ತವಾದೀತು. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಎಂಬ ಚಂಡಮಾರುತವು ಸಮುದ್ರವನ್ನು ಆ ನಗರದ ಮೇಲೆ ತಂದಾಗ, ನದಿಯ ತಳದಲ್ಲಿ ಕೊರೆದ ರೈಲು ಸುರಂಗಗಳಿಗೆ ನೀರು ನುಗ್ಗಿತು. ತಡೆ ಸೋತಿತು. ಆದರೆ ಅಧಿಕಾರಿಗಳು ಹಿಂದಿನ ಸಂಜೆಯೇ ಸಂಚಾರವನ್ನು ನಿಲ್ಲಿಸಿ, ಗಾಡಿಗಳನ್ನು ಎತ್ತರದ ಸ್ಥಳಗಳಿಗೆ ಸಾಗಿಸಿದ್ದರು. ಸುರಂಗ ತುಂಬಿದರೂ ಗಾಡಿಗಳು ಉಳಿದವು. ಉಳಿದುದರಿಂದಲೇ ಕೆಲವೇ ದಿನಗಳಲ್ಲಿ ನಗರದ ಒಂದು ಭಾಗಕ್ಕೆ ಸಂಚಾರವನ್ನು ಮರಳಿ ತರುವುದು ಸಾಧ್ಯವಾಯಿತು.

ಕಾರವಾರಕ್ಕೆ ಇದನ್ನು ಅನ್ವಯಿಸಿದರೆ, ಪ್ರಶ್ನೆಯು ಅಣೆಕಟ್ಟಿನ ಬಲದ್ದಷ್ಟೇ ಅಲ್ಲ, ಗಂಟೆಗಳದ್ದು. ಬಾಗಿಲು ತೆರೆಯುವ ನಿರ್ಧಾರವಾದೊಡನೆ ಮಲ್ಲಾಪುರದ ಕೈಯಲ್ಲಿರುವುದು ಅರ್ಧ ಗಂಟೆ. ಅಷ್ಟರಲ್ಲಿ ರಸ್ತೆಯ ತಗ್ಗಿನ ಜಾಗಗಳಿಗೆ ತಡೆ ಹಾಕಬೇಕು. ಕೈಗಾದಲ್ಲಿ ಪಾಳಿ ಮುಗಿಸಿದವರು ಎಲ್ಲಿ ಉಳಿಯಬೇಕು, ಪಾಳಿಗೆ ಹೊರಟವರು ಯಾವ ಕಡೆಯಿಂದ ಹೋಗಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಏಕೆಂದರೆ ಸ್ಥಾವರಕ್ಕೆ ಜನರನ್ನು ಒಯ್ಯುವ ರಸ್ತೆಯೇ ಆಪತ್ಕಾಲದಲ್ಲಿ ಊರವರು ಹೊರಬರಬೇಕಾದ ರಸ್ತೆ. ಅಳಿವೆಯ ಕಡೆಯವರಿಗೆ ಇರುವುದು ಮೂರು ಗಂಟೆ. ಉಬ್ಬರದ ನೆತ್ತಿಯಿಂದ ಇಳಿತದ ತಳಕ್ಕೆ ಸುಮಾರು 6 ಗಂಟೆ 12 ನಿಮಿಷ ಹಿಡಿಯುತ್ತದೆ. ಉಬ್ಬರವು ನೆತ್ತಿಗೇರುವುದಕ್ಕೆ ಸುಮಾರು ಮೂರು ಗಂಟೆ ಮೊದಲು ಕದ್ರಾದಿಂದ ಬಿಟ್ಟ ನೀರು, ಸಮುದ್ರವು ಅತ್ಯಂತ ಎತ್ತರದಲ್ಲಿ ನಿಂತ ಹೊತ್ತಿಗೆ ಸರಿಯಾಗಿ ಅಳಿವೆಯನ್ನು ಸೇರುತ್ತದೆ. ಅದೇ ನೀರನ್ನು ಉಬ್ಬರದ ನೆತ್ತಿಯ ಹೊತ್ತಿಗೆ ಬಿಟ್ಟರೆ ಅದು ಇಳಿಯುತ್ತಿರುವ ಸಮುದ್ರವನ್ನು ಸೇರುತ್ತದೆ. ಜಲಾಶಯದಲ್ಲಿ ಕೆಲವು ಗಂಟೆಗಳ ಖಾಲಿ ಜಾಗವಿದ್ದವರಿಗೆ ಮಾತ್ರ ಈ ಆಯ್ಕೆ ಉಂಟು. ಪೂರ್ಣ ತುಂಬಿಸಿಕೊಂಡವರಿಗೆ ಇಲ್ಲ.

ನದೀತೀರದ ಊರುಗಳಲ್ಲಿ ವಾಸಿಸುವ ವಿದ್ಯಾರ್ಥಿಗಳು ಒಂದು ಕೆಲಸವನ್ನು ತಾವೇ ಮಾಡಿ ನೋಡಬಹುದು. 2019 ಮತ್ತು 2021ರ ನೆರೆಯ ಗುರುತು ಹಿರಿಯರ ನೆನಪಿನಲ್ಲಿಯೂ ಅನೇಕ ಮನೆಗಳ ಗೋಡೆಗಳಲ್ಲಿಯೂ ಉಳಿದಿರುತ್ತದೆ. ಪಾರದರ್ಶಕವಾದ ರಬ್ಬರು ಕೊಳವೆಯೊಂದರಲ್ಲಿ ನೀರು ತುಂಬಿದರೆ ಗಾರೆಯವರು ಬಳಸುವ ಮಟ್ಟಗೋಲು ಸಿದ್ಧವಾಯಿತು. ಅದರ ಸಹಾಯದಿಂದ ಆ ಗುರುತಿನ ಎತ್ತರವನ್ನು ಮನೆಯ ಮುಂದಿನ ರಸ್ತೆಯ ಎತ್ತರದೊಡನೆ ಹೋಲಿಸಿ, ಊರಿನ ಯಾವ ತಿರುವಿನಲ್ಲಿ ರಸ್ತೆಯು ಎಲ್ಲಕ್ಕಿಂತ ಮೊದಲು ಮುಳುಗುವುದೆಂಬುದನ್ನು ಕಂಡುಹಿಡಿದು, ಅಲ್ಲಿಯ ವಿದ್ಯುತ್ ಕಂಬಕ್ಕೆ 35 ಸೆಂಟಿಮೀಟರಿನ ಎತ್ತರದಲ್ಲಿ ಕೆಂಪು ಪಟ್ಟಿಯೊಂದನ್ನು ಬಳಿಯಬಹುದು. ಕಾರು ತೇಲತೊಡಗುವ ಆಳ ಅದು.